ಹತ್ತು ಲಕ್ಷದ ಮೂರು

೧೯ ಫೆಬ್ರುವರಿ ೧೯೮೯, ಬ್ಯಾಡಗಿ

ವಿಮೆ ಏಜೆಂಟ ಪ್ರತಿ ವರ್ಷ ಒಂದು ಡೈರಿ ಕೊಟ್ಟು ಹೋಗುತ್ತಾನೆ. ಇಷ್ಟು ವರ್ಷ ಅವು ಗೋಡೆಯ ಮಾಡಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದವು. ಈ ಸಲದ್ದಕ್ಕೆ ನಾನೇ ಕೈ ಹಾಕಬೇಕಾಗಿ ಬಂದಿದೆ. ಬೇರೆ ಏನು ಮಾಡಲಿ? ಬಲಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿದೆ. ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ ನೋಡಿ ಇಳಿಯುವಾಗ ಮೆಟ್ಟಿಲು ತಪ್ಪಿತು. ನಾನು ಜಾರಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಜಾರುವವಳಲ್ಲ. ಸುಣ್ಣ ಬಳಿದವನು ಮೆಟ್ಟಿಲಿನ ಅಂಚು ಉಜ್ಜಿ ಉಜ್ಜಿ ನುಣುಪು ಮಾಡಿಟ್ಟಿದ್ದಾನೆ. ಏಪ್ರಿಲ್‌ವರೆಗೆ ನೆಲಕ್ಕೆ ಕಾಲೂರಬಾರದು ಎಂದು ಹಾವೇರಿಯ ಡಾಕ್ಟರು ಹೇಳಿದ್ದಾರೆ.

ಗಂಡ ಸತ್ತ ಮೇಲೆ, ಮಗ ನಿಜಲಿಂಗಪ್ಪ ಕೈಗೆ ಬರುವವರೆಗೆ, ಮೆಣಸಿನಕಾಯಿ ದಲಾಲಿ ಅಂಗಡಿಯನ್ನು ನಾನೇ ನಡೆಸಿದೆ. ತಕ್ಕಡಿಯ ಮುಂದೆ ಬಂದು ನಿಂತರೆ ಹಮಾಲರು ಬೀಡಿ ಆರಿಸುತ್ತಿದ್ದರು. ಅಂಥವಳು ಈಗ ನೀರು ಬೇಕೆಂದರೂ ಕೂಗಬೇಕು. ಬೀಗದ ಕೈ ಗೊಂಚಲು ಸೊಸೆಯ ಸೊಂಟಕ್ಕೆ ಹೋಗಿದೆ. ಅವಳು ಓಡಾಡಿದಾಗಲೆಲ್ಲ ಅದು ಸದ್ದು ಮಾಡುತ್ತದೆ. ಕಾಲಿಗಿಂತ ಅದೇ ಹೆಚ್ಚು ನೋಯುತ್ತದೆ.

ಸೊಸೆಯ ಹೆಸರು ನೀಲಾಂಬಿಕಾ. ಕರೆಯಲು ಉದ್ದ, ಅದಕ್ಕೆ ‘ಏ ಹುಡುಗಿ’ ಎನ್ನುತ್ತೇನೆ. ರಾಣೆಬೆನ್ನೂರಿನವಳು. ಹೋದ ವರ್ಷ ಮದುವೆಯ ಹೊತ್ತಿಗೆ ಬಿ.ಎಸ್ಸಿ. ಕೊನೆಯ ವರ್ಷ ಓದಿ ಮುಗಿಸಿದ್ದಳು. ನಾನು ಹಿಡಿದ ಮುಹೂರ್ತ ಪರೀಕ್ಷೆಯ ವಾರದಲ್ಲೇ ಬಂತು, ಪರೀಕ್ಷೆ ಬಿಟ್ಟಳು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಈಗ ನೋಡಿದರೆ ಅವಳ ಅಪ್ಪ ಹೇಮಪ್ಪ ನನ್ನನ್ನು ಒಂದು ಮಾತು ಕೇಳದೆ ಈ ಮೇ ತಿಂಗಳ ಪರೀಕ್ಷೆಗೆ ಮಗಳ ಹೆಸರಿನಲ್ಲಿ ಫೀ ಕಟ್ಟಿ ಬಂದಿದ್ದಾನೆ. ನಿನ್ನೆ ನಿಜಲಿಂಗಪ್ಪ ಮೆಲ್ಲಗೆ ಆ ಮಾತು ಎತ್ತಿದ. ಕೂಡದು ಎಂದೆ. ಮೇ ಎಂದರೂ ಸುಗ್ಗಿ ಮುಗಿದಿರುವುದಿಲ್ಲ. ಪರಊರಿನ ಖರೀದಿದಾರರು ಮಧ್ಯಾಹ್ನ ನಮ್ಮಲ್ಲೇ ಉಣ್ಣುವುದು ನನ್ನ ಮಾವನ ಕಾಲದಿಂದ ಬಂದ ರೂಢಿ. ನಾನು ಹಾಸಿಗೆಯಲ್ಲಿ, ಇವಳು ಪರೀಕ್ಷೆಯಲ್ಲಿ. ರೊಟ್ಟಿ ಬಡಿಯುವವರು ಯಾರು?

ಅದೂ ಗಣಿತದ ಪರೀಕ್ಷೆಯಂತೆ.

೨೩ ಫೆಬ್ರುವರಿ

ಪ್ಲಾಸ್ಟರಿನ ಒಳಗೆ ತುರಿಕೆ. ಕೊಡೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದೇನೆ.

ಇಂದು ನನ್ನ ಬಾಯಿ ನನ್ನ ಹಿಡಿತದಲ್ಲಿ ಇರಲಿಲ್ಲ. ಬೆಳಿಗ್ಗೆ ಸೊಸೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಎದುರಿಗೆ ಕಟ್ಟೆಯ ಮೇಲೆ ಶರೀಫಾಬಿ ಕೂತಿದ್ದಳು. ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ನನ್ನ ಕಾಲದಿಂದ ಇದ್ದವಳು. ನನ್ನೆದುರು ಹಲ್ಲು ಬಿಟ್ಟು ನಗುವ ಧೈರ್ಯ ಈ ಪೇಟೆಯಲ್ಲಿ ಅವಳೊಬ್ಬಳಿಗೇ.

ಸೊಸೆ ಪರೀಕ್ಷೆಯ ಮಾತು ಮತ್ತೆ ತೆಗೆದಳು. ಗಣಿತ ನನಗೂ ಬರುತ್ತಿತ್ತು ಎಂದೆ. ಹಾವೇರಿ ಹೈಸ್ಕೂಲಿನಲ್ಲಿ ಅಪವರ್ತನದ ಲೆಕ್ಕ ಬಂದರೆ ಮಾಸ್ತರರು ಅಷ್ಟು ಹುಡುಗರನ್ನು ಬಿಟ್ಟು ನನ್ನನ್ನೇ ಬೋರ್ಡಿಗೆ ಕರೆಯುತ್ತಿದ್ದರು. ಎಷ್ಟು ದೊಡ್ಡ ಸಂಖ್ಯೆ ಕೊಟ್ಟರೂ ಒಡೆದು ತುಂಡು ತುಂಡು ಮಾಡಿ ಬರೆಯುತ್ತಿದ್ದೆ. ಹಾಗೆಂದು ನಾನೇನು ಮನೆ ಬಿಟ್ಟು ಓಡಿದೆನೇ? ಇಷ್ಟಕ್ಕೇ ನಿಲ್ಲಿಸಬೇಕಿತ್ತು. ನನ್ನ ಕೈಯಲ್ಲಿ ಒಡೆಯದ ಸಂಖ್ಯೆಯೇ ಇಲ್ಲ ಎಂದೂ ಸೇರಿಸಿದೆ.

ತಲೆಯ ಮೇಲಿನ ಕೈ ನಿಂತಿತು.

“ಹಂಗಾರ ನಾ ಒಂದು ಸಂಖ್ಯೆ ಕೊಡ್ತೇನ್ರಿ, ಅತ್ತಿ. ಒಂದು, ಮತ್ತ ಅದ ಸಂಖ್ಯೆ, ಇವೆರಡು ಬಿಟ್ಟು ಬ್ಯಾರೆ ಯಾವುದರ್ಲೆ ಭಾಗಿಸಿ ಶೇಷ ಇಲ್ಲದಂಗ ಹೋತಂದ್ರ, ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕ ಹಾಕ್ತೇನಿ. ಮತ್ತ ಪರೀಕ್ಷೆ ಅನ್ನಂಗಿಲ್ಲ. ಹೋಗಲಿಲ್ಲಂದ್ರ ನನ್ನ ಕಳಸ್ರಿ.”

ಯಾವ ಸಂಖ್ಯೆ ಎಂದೆ.

“ಹತ್ತು ಲಕ್ಷದ ಮೂರು.”

ಆಗಲೂ ಗದರಿಸಿ ಸುಮ್ಮನಾಗಿಸಬಹುದಿತ್ತು. ಆದರೆ ಶರೀಫಾಬಿ ಕಾಲು ಚಾಚಿ ಕೂತುಬಿಟ್ಟಳು.

“ಹ್ಞೂಂ ಅನ್ರಿ, ಮುತ್ತಕ್ಕಾ. ಮಲಗಿದಲ್ಲೇ ನಮ್ಮನ್ನೆಲ್ಲಾ ಬೈಯೂದಕ್ಕಿಂತ ಇದು ಛಲೋ. ನಮಗೂ ಆರಾಮ, ನಿಮಗೂ ಆರಾಮ.”

ಇನ್ನು ಇಲ್ಲವೆಂದರೆ ಸಂಜೆಯೊಳಗೆ ಮುತ್ತವ್ವ ಸೊಸೆಯ ಸಂಖ್ಯೆಗೆ ಹೆದರಿದಳು ಎಂದು ಪೇಟೆಯ ತುಂಬ ಸುದ್ದಿಯಾಗುತ್ತದೆ. ಹ್ಞೂಂ ಎಂದೆ.

೨೫ ಫೆಬ್ರುವರಿ

ನಿಜಲಿಂಗಪ್ಪ ಸಣ್ಣವನಿದ್ದಾಗ ಬಳಪದಲ್ಲಿ ಬರೆಯುತ್ತಿದ್ದ ಪಾಟಿಯನ್ನು ಅಟ್ಟದಿಂದ ತರಿಸಿದೆ. ಕಟ್ಟು ಸಡಿಲಾಗಿದೆ, ಕಲ್ಲು ಗಟ್ಟಿಯಿದೆ.

೧೦,೦೦,೦೦೩. ಬೆಸ, ಎರಡು ಹೋಗುವುದಿಲ್ಲ. ಅಂಕಿಗಳನ್ನು ಕೂಡಿದರೆ ನಾಲ್ಕು, ಆದ್ದರಿಂದ ಮೂರು ಹೋಗುವುದಿಲ್ಲ. ಕೊನೆಗೆ ಸೊನ್ನೆಯಿಲ್ಲ, ಐದಿಲ್ಲ. ಏಳು ಹಾಕಿದೆ, ನಾಲ್ಕು ಉಳಿಯಿತು. ಹನ್ನೊಂದು ಹಾಕಿದೆ, ನಾಲ್ಕು ಉಳಿಯಿತು. ಹದಿಮೂರಕ್ಕೂ ನಾಲ್ಕು. ನನ್ನದೇ ಎಲ್ಲೋ ತಪ್ಪಾಗುತ್ತಿದೆ ಎಂದು ಮೂರನ್ನೂ ಒರೆಸಿ ಮತ್ತೆ ಮಾಡಿದೆ. ಅದೇ ನಾಲ್ಕು. ತಲೆ ಕೆಟ್ಟು ಪಾಟಿ ಬದಿಗಿಟ್ಟೆ. ಚಹಾ ಕುಡಿಯುವಾಗ ಹೊಳೆಯಿತು. ಆರು ಸಲ ಒಂಬತ್ತು ಬರೆದರೆ ಆಗುವ ಸಂಖ್ಯೆಗೆ ಏಳೂ ಹೋಗುತ್ತದೆ, ಹನ್ನೊಂದೂ ಹೋಗುತ್ತದೆ, ಹದಿಮೂರೂ ಹೋಗುತ್ತದೆ. ಇದು ಅದಕ್ಕಿಂತ ನಾಲ್ಕು ಹೆಚ್ಚು. ಉಳಿಯುವುದು ನಾಲ್ಕಲ್ಲದೆ ಇನ್ನೇನು?

ಇದನ್ನು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳುವುದು?

೨ ಮಾರ್ಚ್

ಇಂದು ಒಂದೇ ಒಂದು ಭಾಗಾಕಾರ ಮಾಡಿದೆ. ಅವಸರವಿಲ್ಲ. ಒಡೆಯಲಿಲ್ಲ ಎಂದು ಹೇಳಬೇಕಾದರೆ ಎಲ್ಲವನ್ನೂ ಹಾಕಿ ನೋಡಿರಬೇಕು. ಅರ್ಧದವರೆಗೆ ಎಂದರೂ ಐದು ಲಕ್ಷವಾಯಿತು. ಅಷ್ಟು ಮುಗಿಯುವುದರಲ್ಲಿ ಮೇ ಏನು, ನನ್ನ ಆಯುಷ್ಯವೇ ಮುಗಿದೀತು. ಮುಗಿಯುವ ತನಕ ಸೊಸೆ ಮನೆಯಲ್ಲೇ. ನಾನು ಮಾತಿಗೆ ತಪ್ಪಿದಂತೆಯೂ ಆಗಲಿಲ್ಲ. ಇದು ಹೊಳೆದ ಖುಷಿಗೆ ಒಂದು ರೊಟ್ಟಿ ಹೆಚ್ಚು ಉಂಡೆ.

ಸಂಜೆ ಸೊಸೆ ಹಾಸಿಗೆ ಝಾಡಿಸುತ್ತ, ಗೋಡೆಗೆ ಹೇಳುವಂತೆ ಹೇಳಿದಳು, ಸಾವಿರ ದಾಟಿ ಹೋಗುವ ಕಾರಣವಿಲ್ಲವಂತೆ. ಯಾಕೆ ಎಂದು ಕೇಳಿದೆ.

“ಎರಡು ಸಂಖ್ಯೆ ಗುಣಿಸಿ ಇದು ಹುಟ್ಟಬೇಕಲ್ರಿ. ಎರಡೂ ಸಾವಿರದ ಮ್ಯಾಲ ಇದ್ದೂವಂದ್ರ ಗುಣಾಕಾರ ಇದನ್ನ ದಾಟಿ ಹೋಗ್ತೈತಿ. ಒಡಿಯೂದಿದ್ರ ಒಂದರ ಸಾವಿರದ ಒಳಗ ಸಿಗಬೇಕು. ಅಲ್ಲಿ ಸಿಗಲಿಲ್ಲಂದ್ರ ಎಲ್ಲೂ ಸಿಗಂಗಿಲ್ಲ.”

ಅವಳು ಹೋದ ಮೇಲೆ ಸಾವಿರದ ಒಂದನ್ನು ಸಾವಿರದ ಒಂದರಿಂದಲೇ ಗುಣಿಸಿ ನೋಡಿದೆ. ಖರೆ. ಅದರೊಳಗೂ ಒಡೆಯುವ ಸಂಖ್ಯೆಗಳನ್ನು ಹಾಕುವುದು ದಂಡ ಎಂದು ನನಗೇ ಗೊತ್ತಿದೆ, ಎರಡು ಹೋಗದ ಕಡೆ ನಾಲ್ಕು ಹೋಗುವುದಿಲ್ಲ. ಐದು ಲಕ್ಷ ಕರಗಿ ಇಷ್ಟೇ ಇಷ್ಟಾಯಿತು. ನನ್ನ ಆಟ ಅವಳಿಗೆ ತಿಳಿದಿದೆ. ಬಾಯಿಬಿಟ್ಟು ಆಡದೆ ಗಣಿತದಲ್ಲಿ ಹೇಳಿಹೋದಳು. ಹೆಣ್ಣು ನೋಡಲು ಹೋದಾಗ ಮೂಗು ನೋಡಿದ್ದೆ, ಕೂದಲು ನೋಡಿದ್ದೆ. ಇದನ್ನು ನೋಡಿರಲಿಲ್ಲ.

೬ ಮಾರ್ಚ್, ಶಿವರಾತ್ರಿ

ಉಪವಾಸ. ಬೆಳಗಿನಿಂದ ಪಾಟಿ ಹಿಡಿದೆ. ನಲವತ್ತೊಂದು, ನಲವತ್ತಮೂರು, ನಲವತ್ತೇಳು, ಯಾವುದೂ ಹೋಗಲಿಲ್ಲ. ಐವತ್ತಮೂರು ಹಾಕಿದೆ. ಇಳಿಸುತ್ತ ಇಳಿಸುತ್ತ ಕೊನೆಗೆ ಐವತ್ತೆರಡು ಉಳಿಯಿತು. ಇನ್ನು ಒಂದೇ ಒಂದು ಇದ್ದಿದ್ದರೆ ಪೂರಾ ಹೋಗಿಬಿಡುತ್ತಿತ್ತು. ಒರೆಸಿ ಮೊದಲಿನಿಂದ ಮತ್ತೆ ಮಾಡಿದೆ. ಕೈಗೆ ಬಂದ ಗೆಲುವು ತಪ್ಪಿತಲ್ಲ ಎಂಬ ಸಂಕಟ, ಬೇರೇನಿಲ್ಲ.

ಸೊಸೆಯನ್ನು ಕೂಗಿದೆ. ನನ್ನ ದನಿ ಕೇಳಿ ಒಡೆದೇ ಹೋಯಿತೆಂದು ತಿಳಿದು ಬಂದಳಂತೆ. ಮುಖ ಸುಣ್ಣದ ಹಾಗಿತ್ತು. ಪಾಟಿಯ ಮೇಲೆ ಐವತ್ತೆರಡು ಎಂದು ಓದಿ ಅಲ್ಲೇ ನೆಲಕ್ಕೆ ಕೂತಳು. ಅವಳೂ ಬೆಳಗಿನಿಂದ ನೀರು ಸಹ ಮುಟ್ಟಿರಲಿಲ್ಲ. ಬಾಳೆಹಣ್ಣು ತಿನ್ನು ಎಂದು ಗದರಿದೆ.

೧೪ ಮಾರ್ಚ್

ಮೈಯೆಲ್ಲ ಉರಿಯುತ್ತಿದೆ.

ಮಧ್ಯಾಹ್ನ ನೂರಾ ಒಂದನ್ನು ಹಾಕಿದೆ. ಒಂಬತ್ತು ಸಾವಿರದ ಒಂಬೈನೂರಾ ಒಂದು ಸಲ ಹೋಗಿ ಎರಡು ಉಳಿಯಿತು. ಹತ್ತು ಲಕ್ಷದಲ್ಲಿ ಎರಡು! ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವಾಗ ಧೂಳು, ತೇವ, ತೊಟ್ಟು ಎಂದು ಚೀಲಕ್ಕೆ ಇಷ್ಟು ಬಿಟ್ಟು ಲೆಕ್ಕ ಹಿಡಿಯುತ್ತಾರೆ. ಅದಕ್ಕೆ ಸೂಟು ಎನ್ನುತ್ತಾರೆ. ಸೂಟು ಮುರಿಯದೆ ನಾನು ಒಂದು ಚೀಲವನ್ನೂ ತೂಗಿದವಳಲ್ಲ. ಹತ್ತು ಲಕ್ಷದ ಮೇಲಿನ ಎರಡನ್ನು ಯಾವ ತಕ್ಕಡಿಯೂ ಕೇಳುವುದಿಲ್ಲ. ಒಡೆಯಿತು ಎಂದು ಕೂಗಿ ಎಲ್ಲರನ್ನೂ ಕರೆದೆ. ಅಂಗಡಿಯಿಂದ ನಿಜಲಿಂಗಪ್ಪ ಬಂದ, ಕೈಯಲ್ಲಿ ತೊಟ್ಟು ಹಿಡಿದುಕೊಂಡೇ ಶರೀಫಾಬಿ ಬಂದಳು.

ಸೊಸೆ ಕೈ ತೊಳೆದುಕೊಂಡು ಕೊನೆಗೆ ಬಂದಳು. ನಿಂತಲ್ಲಿಂದಲೇ ಪಾಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಎರಡು ಉಳಿದಿದೆಯಲ್ಲ ಎಂದಳು. ಸೂಟು ಮುರಿದಿದ್ದೇನೆ ಎಂದೆ.

“ಗಣಿತದಾಗ ಸೂಟು ಇಲ್ರಿ, ಅತ್ತಿ.”

ದನಿ ಎತ್ತರಿಸಲಿಲ್ಲ. ಆದರೆ ನನ್ನ ಮುಖಕ್ಕೇ ಹೇಳಿದಳು, ಮಗನೆದುರು, ಕೆಲಸದವಳೆದುರು. ಈ ಮನೆಗೆ ಬಂದ ಮೇಲೆ ನನ್ನ ಮಾತಿಗೆ ಇಲ್ಲ ಎಂದದ್ದು ಅದೇ ಮೊದಲು. ನಿಜಲಿಂಗಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಶರೀಫಾಬಿಗೆ ಮಾತ್ರ ಸುಮ್ಮನಿರಲು ಬರುವುದಿಲ್ಲ.

“ಅಲ್ರಿ ಮುತ್ತಕ್ಕಾ, ಆ ಎರಡು ಉಳದದ್ದು ಯಾರ ಮನೀಗೆ ಹೋತು? ನನಗರ ಕೊಡ್ರಿ, ಸಾರಿಗೆ ಹಾಕ್ತೇನಿ.”

ಎಲ್ಲರನ್ನೂ ಹೊರಗೆ ಹಾಕಿದೆ. ಇನ್ನು ಮೇಲೆ ನನ್ನ ಪಾಟಿಯನ್ನು ಯಾರೂ ನೋಡಕೂಡದು, ಯಾರೂ ತಿದ್ದಕೂಡದು ಎಂದು ಹೇಳಿದೆ.

೧೫ ಮಾರ್ಚ್

ತಾಟು ಇಟ್ಟು ಹೋದಳು, ತಾಟು ತೆಗೆದುಕೊಂಡು ಹೋದಳು. ಬೀಗದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು, ಸದ್ದಾಗದಂತೆ.

ನೂರಾ ಮೂರು ಹಾಕಿದೆ. ಹೋಗಲಿಲ್ಲ.

೨೭ ಮಾರ್ಚ್

ಹನ್ನೆರಡು ದಾಟಿತ್ತು, ಖರೀದಿದಾರರು ಬರುವ ಹೊತ್ತು, ರೊಟ್ಟಿ ಕರಕಾದ ವಾಸನೆ ಬಂತು. ಕೂಗಿದೆ. ಬಂದವಳ ಕೈತುಂಬ ಹಿಟ್ಟು, ಕಂಕುಳಲ್ಲಿ ಪುಸ್ತಕ. ಅದು ಅಲ್ಲಿರುವುದು ಅವಳಿಗೇ ಗೊತ್ತಿರಲಿಲ್ಲ. ಬೈಯಲು ಬಾಯಿ ತೆರೆದೆ. ಪುಸ್ತಕ ಇಲ್ಲಿ ಕೊಡು ಎಂದೆ.

ಇಂಗ್ಲಿಷು. ಅದು ಇರಲಿ. ಗಣಿತದ ಪುಸ್ತಕದಲ್ಲಿ ಅಂಕಿಗಳೇ ಇಲ್ಲ! ಹಾಳೆ ಹಾಳೆ ತಿರುವಿದೆ, ಬರೀ ಅಕ್ಷರ, ಅಕ್ಷರದ ನೆತ್ತಿಯ ಮೇಲೆ ಸಣ್ಣ ಅಕ್ಷರ. ಮ್ಯಾಟ್ರಿಕ್ ಓದಿದ ನನಗೆ ಒಂದು ಸಾಲೂ ದಕ್ಕಲಿಲ್ಲ. ಮುಚ್ಚಿ ಕೊಟ್ಟೆ. ಅವಳು ಹೋಗಲು ತಿರುಗಿದಾಗ, ಸುಮ್ಮನೆ, ಆ ಸಂಖ್ಯೆಯ ಅಕ್ಕಪಕ್ಕದವು ಹೇಗೆ ಎಂದು ಕೇಳಿದೆ. ಹಿಟ್ಟಿನ ಕೈಯಲ್ಲೇ ಹಾಸಿಗೆಯ ಬದಿಗೆ ಕೂತಳು. ನಾನು ಪಾಟಿ ಹಿಡಿದೆ.

ಒಂದು ಕಡಿಮೆ ಮಾಡಿದರೆ ಸಮ, ಒಂದೇ ಏಟಿಗೆ ಒಡೆಯುತ್ತದೆ. ಎರಡು ಕಡಿಮೆ ಮಾಡಿದರೆ ಆ ಹಾಳು ನೂರಾ ಒಂದು ಪೂರಾ ಹೋಗುತ್ತದೆ. ಒಂದು ಹೆಚ್ಚು ಮಾಡಿದರೆ ಎರಡು ಎರಡಲೆ, ಐವತ್ತಮೂರಲೆ, ಮತ್ತೆ ಐವತ್ತಮೂರಲೆ, ಎಂಬತ್ತೊಂಬತ್ತಲೆ. ಐವತ್ತಮೂರು ಎರಡು ಸಲ! ಇದು ಅಲ್ಲಿಂದ ಒಂದು ಹೆಜ್ಜೆ ಹಿಂದೆ ನಿಂತು ಉಳಿದುಕೊಂಡಿದೆ. ಎಡಕ್ಕೆ ನೋಡಿದರೂ ಬಲಕ್ಕೆ ನೋಡಿದರೂ ಪುಡಿಯಾದವರು, ನಡುವೆ ಇದೊಂದು ನೆಟ್ಟಗೆ ನಿಂತಿದೆ. ಇಲ್ಲಿಯ ತನಕ ನಿಂತಿದೆ ಎನ್ನಬೇಕು, ಇನ್ನೂ ಬಹಳ ಉಳಿದಿದೆ.

“ಗಟ್ಟಿ ಐತ್ರಿ,” ಎಂದಳು ಮೆಲ್ಲಗೆ.

ನೋಡೋಣ ಎಂದೆ.

ಊಟ ತಡವಾಯಿತು. ಸ್ಟೋವ್ ಕೆಟ್ಟಿತ್ತು ಎಂದು ಖರೀದಿದಾರರಿಗೆ ಹೇಳಿ ಕಳಿಸಿದೆ.

೧೧ ಏಪ್ರಿಲ್

ಹಾವೇರಿಯಿಂದ ಕಂಪೌಂಡರ್ ಬಂದು ಪ್ಲಾಸ್ಟರ್ ಕತ್ತರಿಸಿದ. ಒಳಗಿಂದ ಹೊರಬಂದ ಕಾಲು ನನ್ನದಲ್ಲ, ಯಾವುದೋ ಬಡಕಲು ಹೆಂಗಸಿನದು. ಕೋಲು ಹಿಡಿದು ಅಡುಗೆಮನೆಯ ಬಾಗಿಲ ತನಕ ಹೋದೆ. ಡಬ್ಬಿಗಳನ್ನೆಲ್ಲ ಜಾಗ ಬದಲಿಸಿ ಇಟ್ಟಿದ್ದಾಳೆ. ಬಗ್ಗದೆ ಕೈಗೆ ಸಿಗುತ್ತವೆ. ನನಗೆ ಇಷ್ಟು ವರ್ಷ ತೋಚಿರಲಿಲ್ಲ.

ನೀಲಾ ಸೊಂಟದಿಂದ ಬೀಗದ ಕೈ ಬಿಚ್ಚಿ ಮುಂದೆ ಹಿಡಿದಳು. ನಾಳೆ ತೆಗೆದುಕೊಳ್ಳುತ್ತೇನೆ ಎಂದೆ. ಕೈಯಲ್ಲಿ ಕೋಲಿತ್ತು.

ಪರೀಕ್ಷೆ ಮೇ ಎರಡಕ್ಕಂತೆ. ನಾನಿನ್ನೂ ಐನೂರಕ್ಕೂ ಬಂದಿಲ್ಲ. ಈ ಸಂಖ್ಯೆಯನ್ನು ತಲೆಯಿಂದ ಇಳಿಸಿಕೊಂಡರೆ ಸಾಕಾಗಿದೆ. ನಾಳೆಯಿಂದ ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ.

೧೯ ಏಪ್ರಿಲ್

ಊಟ ಮಾಡುತ್ತಲೂ ಭಾಗಿಸುತ್ತೇನೆ. ಆರುನೂರು ದಾಟಿದೆ. ದೊಡ್ಡ ಭಾಜಕಗಳು ಕೈ ನೋಯಿಸುತ್ತವೆ. ಒಂದು ಅಂಕಿ ತಪ್ಪಿದರೆ ಮೊದಲಿನಿಂದ.

ಸಂಜೆ ನಿಜಲಿಂಗಪ್ಪ ಬಂದು ಬದಿಗೆ ಕೂತ. ನೀಲಾ ಹಿತ್ತಲಿಗೆ ಹೋದದ್ದನ್ನು ನೋಡಿ ಮಾತು ತೆಗೆದ.

“ಅವ್ವಾ, ಯಾಕ ಇಷ್ಟ ಬಡದಾಡ್ತಿ? ಒಡೀತು ಅಂತ ಹೇಳಿಬಿಡು. ಪಾಟಿ ನೋಡಬ್ಯಾಡ ಅಂತ ನೀನ ಅಂದೀದಿ, ಆಕಿ ನೋಡಂಗಿಲ್ಲ.”

“ಮತ್ತ ಉಳದದ್ದನ್ನ ಎಲ್ಲಿ ಇಡ್ಲಿ?”

“ಸೂಟು ಮುರಿ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕುಂತಾಂವ ನಾನು. ಆಕಿ ಬಿ.ಎಸ್ಸಿ. ಪಾಸಾದ್ರ ಪ್ಯಾಟ್ಯಾಗ ನನಗ ಏನಂತಾರ?”

ಮಗನ ಸಂಕಟ ನನಗೆ ತಿಳಿಯದ್ದಲ್ಲ. ಆದರೂ ಸಿಟ್ಟು ನೆತ್ತಿಗೇರಿತು. ಗಣಿತದಾಗ ಸೂಟು ಇಲ್ಲೋ ಎಂದೆ. ಅವನು ನನ್ನ ಮುಖ ನೋಡಿದ. ಹಂಗಂದಾಕಿ ನೀ ಅಲ್ಲಲ್ಲ ಎಂದ. ನಾನಲ್ಲದೆ ಮತ್ತೆ ಯಾರು ಎಂದೆ. ಎದ್ದು ಹೋದ. ಇವನಿಗೆ ಈಗೀಗ ಮರೆವು ಹೆಚ್ಚಾಗಿದೆ.

೨೬ ಏಪ್ರಿಲ್

ಕೇಳಬಾರದಿತ್ತು. ಕೇಳಿದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ.

ನೀಲಾ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಈ ಸಂಖ್ಯೆ ಒಡೆಯುವುದಿಲ್ಲ ಎಂದು ನಿನಗೆ ಮೊದಲೇ ಗೊತ್ತಿತ್ತಲ್ಲ, ಕಾಲೇಜಿನ ಪುಸ್ತಕದಲ್ಲಿ ನೋಡಿ ನನ್ನ ಕೊರಳಿಗೆ ಕಟ್ಟಿದೆಯಲ್ಲ ಎಂದು ಕೇಳಿದೆ. ನಗುತ್ತ ಕೇಳಿದೆ ಎಂದೇ ನನ್ನ ಲೆಕ್ಕ.

“ಗೊತ್ತಿರಲಿಲ್ರಿ. ಹತ್ತು ಲಕ್ಷದ ಒಂದು ಒಡೀತೈತಿ ಅನ್ನೂದು ಅಷ್ಟ ಗೊತ್ತಿತ್ತು, ಒಮ್ಮೆ ಮಾಡಿದ್ದೆ. ಎರಡು ಹಾಕಿದ್ರ ಸಮ ಆಕ್ಕೈತಿ. ಅದಕ್ಕ ಮೂರು ಅಂದೆ.”

“ಮತ್ತ ಒಡದಿದ್ರ?”

“ಒಡದಿದ್ರ ಒಡೀತಿತ್ರಿ.”

“ಅಷ್ಟಕ್ಕ ನಿನ್ನ ಒಂದು ವರ್ಷದ ಓದು ಪಣಕ್ಕ ಹಚ್ಚಿದಿ?”

ಅವಳು ಎಣ್ಣೆಯ ಬಟ್ಟಲು ಮುಚ್ಚಿದಳು. “ಬ್ಯಾರೆ ಯಾವುದಕ್ಕೂ ನೀವು ಹ್ಞೂಂ ಅಂತಿರಲಿಲ್ರಿ,” ಎಂದಳು. ಮುನಿಸಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಹಾಗಾದರೆ ಇಷ್ಟು ದಿನ ಒಂದೊಂದು ಭಾಗಾಕಾರಕ್ಕೂ ಅವಳು ಅಡುಗೆಮನೆಯಲ್ಲಿ ನಿಂತು ಕಿವಿಗೊಟ್ಟಿದ್ದಳು. ನಾನು ಕೆಮ್ಮಿದರೂ ಒಡೆಯಿತೇನೋ ಎಂದುಕೊಂಡಿದ್ದಾಳು. ಇನ್ನೂ ಎಂಟುನೂರರಲ್ಲಿದ್ದೇನೆ. ಮುಂದೆ ಯಾವುದಾದರೂ ಹೋದರೆ? ಗೆಲ್ಲುವವಳು ನಾನೇ, ಆದರೂ ಬಳಪ ಹಿಡಿದರೆ ಬೆರಳು ಬೆವರುತ್ತದೆ. ಸೆಕೆಯೂ ಹೆಚ್ಚಾಗಿದೆ.

೩೦ ಏಪ್ರಿಲ್

ನಾಳೆ ಬೆಳಿಗ್ಗೆ ಹೊರಟರೆ ಮಾತ್ರ ನಾಡಿದ್ದಿನ ಪರೀಕ್ಷೆ. ಇಂದು ಎದ್ದಾಗ ಒಂಬೈನೂರರ ಮುಂದಿನ ಹದಿನಾಲ್ಕೂ ಉಳಿದಿದ್ದವು. ಮುಗಿಯದಿದ್ದರೆ ಹೋಗುವಂತಿಲ್ಲ ಎಂದು ನಿಜಲಿಂಗಪ್ಪ ಬಾಗಿಲಲ್ಲೇ ನಿಂತು ನೆನಪು ಮಾಡಿದ. ಮುಗಿಯದೆ ನಾನೂ ಹೋಗುವುದಿಲ್ಲ, ಮಾತೆಂದರೆ ಮಾತು ಎಂದು ನೀಲಾಳೂ ಒಳಗಿಂದ ಅಂದಳು. ಇಬ್ಬರಿಗೂ ಬುದ್ಧಿಯಿಲ್ಲ. ಖರೀದಿದಾರರನ್ನು ಖಾನಾವಳಿಗೆ ಕಳಿಸು ಎಂದೆ. ನಿಜಲಿಂಗಪ್ಪ ನನಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದ. ನನ್ನ ಮಾವನ ಕಾಲದ ರೂಢಿ ಇವತ್ತೊಂದು ದಿನ ಇಲ್ಲದಿದ್ದರೆ ಬ್ಯಾಡಗಿಯ ಮೆಣಸಿನಕಾಯಿ ಖಾರ ಕಳೆದುಕೊಳ್ಳುವುದಿಲ್ಲ.

ಶರೀಫಾಬಿಯ ಮೊಮ್ಮಗಳ ಪಾಟಿ ತರಿಸಿ ನೀಲಾಳ ಕೈಗೆ ಕೊಟ್ಟೆ. ನಾನು ಮಾಡುವುದು ನಿಯಮವಲ್ಲ ಎಂದಳು. ನಿಯಮ ಮಾಡಿದವಳು ನಾನು, ಕೂರು ಎಂದೆ. ಒಂದೇ ಚಾಪೆಯ ಮೇಲೆ ಕೂತೆವು. ಮೊದಲ ಏಳು ನನಗೆ, ಕೊನೆಯ ಏಳು ಅವಳಿಗೆ.

ನಾನು ಎರಡನೆಯದರಲ್ಲಿ ಒದ್ದಾಡುತ್ತಿರುವಾಗ ಅವಳದು ಆಗಲೇ ನಾಲ್ಕು ಮುಗಿದಿತ್ತು. ತಪ್ಪು ಮಾಡುತ್ತೀ, ಇಷ್ಟು ಬೇಗ ಆಗುವುದಿಲ್ಲ ಎಂದೆ. ಪಾಟಿ ತಿರುಗಿಸಿ ತೋರಿಸಿದಳು. ಒಂಬೈನೂರ ತೊಂಬತ್ತೇಳು ಸಾವಿರಕ್ಕೆ ಮೂರು ಕಡಿಮೆ. ಅದನ್ನು ಸಾವಿರಕ್ಕೆ ಮೂರು ಹೆಚ್ಚಿರುವುದರಿಂದ ಗುಣಿಸಿದರೆ ಹತ್ತು ಲಕ್ಷಕ್ಕೆ ಮೂರು ಮೂರಲೆ ಒಂಬತ್ತು ಕಡಿಮೆ. ಆದ್ದರಿಂದ ಹತ್ತು ಲಕ್ಷದ ಮೂರರಲ್ಲಿ ಉಳಿಯುವುದು ಹನ್ನೆರಡು. ಒಂದು ಸಾಲಿನಲ್ಲಿ ಮುಗಿಯಿತು. ನಾನು ಬೆರಳಲ್ಲಿ ಮಾಡಿ ನೋಡಿದೆ, ಬಾಯಲ್ಲಿ ಮಾಡಿ ನೋಡಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಗದರಿದೆ. ಪಾಟಿಗೆ ಕೈ ಹಚ್ಚಬಾರದು ಎಂದವರು ಯಾರು ಎಂದು ಕೇಳಿದಳು. ಈ ಹುಡುಗಿಗೆ ಬಾಯಿ ಬಂದಿದೆ.

ಅವಳ ಏಳು ಆಗಲೇ ಮುಗಿದಿದ್ದವು, ದೀಪ ಹಚ್ಚುವ ಹೊತ್ತಿಗೆ ನನ್ನ ಏಳೂ ಮುಗಿದವು. ಯಾವುದೂ ಹೋಗಲಿಲ್ಲ.

“ಏನಾತು?” ಎಂದ ನಿಜಲಿಂಗಪ್ಪ.

“ಒಡೀಲಿಲ್ಲ,” ಎಂದೆ. ಅಷ್ಟೇ. ಮತ್ತೇನು ಹೇಳುವುದಿತ್ತು? ನೀಲಾ ಎದ್ದು ಹಿತ್ತಲಿಗೆ ಹೋದಳು, ಬರಲು ಬಹಳ ಹೊತ್ತಾಯಿತು. ಬಂದು ಉಪ್ಪಿಟ್ಟು ಮಾಡಿದಳು.

೧ ಮೇ

ಬೆಳಗಿನ ಬಸ್ಸಿಗೆ ರಾಣೆಬೆನ್ನೂರಿಗೆ ಹೋದಳು. ನಿಜಲಿಂಗಪ್ಪನೇ ಟ್ರಂಕು ಹೊತ್ತುಕೊಂಡು ಸ್ಟ್ಯಾಂಡಿನ ತನಕ ನಡೆದ. ಪೇಟೆಯ ನಡುವೆ, ಎಲ್ಲರೂ ನೋಡುವಂತೆ. ನಾನು ಹೇಳಿರಲಿಲ್ಲ.

ಬೀಗದ ಕೈ ಗೊಂಚಲನ್ನು ಗೂಟಕ್ಕೆ ತೂಗುಹಾಕಿ ಹೋಗಿದ್ದಾಳೆ. ಮನೆಯಲ್ಲಿ ಯಾರೂ ನಡೆದಾಡುವ ಸದ್ದಿಲ್ಲ.

೨ ಮೇ

ಇಷ್ಟು ಹೊತ್ತಿಗೆ ಪ್ರಶ್ನೆಪತ್ರಿಕೆ ಕೊಟ್ಟಿರುತ್ತಾರೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕಾಲು ಬೇಡ ಎನ್ನುತ್ತದೆ. ಕಟ್ಟೆಗೆ ಹೋದೆ, ಒಳಗೆ ಬಂದೆ, ಮತ್ತೆ ಕಟ್ಟೆಗೆ ಹೋದೆ. ಒಳಗೆ ಹೋಗ್ರಿ ಮುತ್ತಕ್ಕಾ, ಪರೀಕ್ಷೆ ಆಕಿದು ಎಂದು ಶರೀಫಾಬಿ ಅಂಗಡಿಯಿಂದಲೇ ಕೂಗಿದಳು. ಲಿಂಗಪೂಜೆಗೆ ಕೂತೆ. ಬಾಯಲ್ಲಿ ಮಂತ್ರ ಬರಲಿಲ್ಲ. ಒಡೆಯದ ಸಂಖ್ಯೆಗಳು ಒಂದರ ಹಿಂದೆ ಒಂದು ಬರತೊಡಗಿದವು. ಬರಲಿ, ಅವನ್ನೂ ಮಾಡಿದವನು ಅವನೇ ಎಂದು ಬಿಟ್ಟೆ. ಇನ್ನೂರು ದಾಟಿದೆ, ಮುನ್ನೂರು ದಾಟಿದೆ. ನಾಲ್ಕುನೂರ ಐವತ್ತೇಳು. ನಾಲ್ಕುನೂರ ಅರವತ್ತೊಂದು. ನಾಲ್ಕುನೂರ ಅರವತ್ತಮೂರು.

ನಾಲಿಗೆ ಅಲ್ಲೇ ನಿಂತಿತು.

ನಾಲ್ಕುನೂರ ಅರವತ್ತಮೂರನ್ನು ನಾನು ಹಾಕಿಲ್ಲ. ಅರವತ್ತೊಂದು ಪಾಟಿಯ ಮೇಲಿದ್ದಾಗ ಕಂಪೌಂಡರ್ ಕತ್ತರಿ ಹಿಡಿದು ಬಂದ. ಮರುದಿನ ಕೂತಾಗ ಅರವತ್ತೇಳರಿಂದ ಹಿಡಿದೆ. ಎಷ್ಟು ನೆನಪು ಮಾಡಿಕೊಂಡರೂ ನಡುವಿನದು ಇಲ್ಲ.

ಪಾಟಿ ತಂದು ಎದುರಿಗೆ ಇಟ್ಟುಕೊಂಡೆ. ಬಳಪ ಹಿಡಿಯಲಾಗಲಿಲ್ಲ. ಅದು ಹೋಗಿಬಿಟ್ಟರೆ? ಹೋದರೆ ಪಂದ್ಯ ನನ್ನದು. ಅವಳು ರಾಣೆಬೆನ್ನೂರಿನಲ್ಲಿ ಕೂತು ಬರೆಯುತ್ತಿರುವುದು ನನ್ನ ತಪ್ಪಿನ ಮೇಲೆ. ಮಧ್ಯಾಹ್ನದ ಬಸ್ಸಿಗೆ ನಿಜಲಿಂಗಪ್ಪನನ್ನು ಕಳಿಸಿ, ಉಳಿದ ಪೇಪರು ಬೇಡ, ಬಾ ಎಂದು ಕರೆಸುವ ಹಕ್ಕು ನನಗಿದೆ. ಅವಳು ಬರುತ್ತಾಳೆ ಕೂಡ, ಒಂದು ಮಾತೂ ಆಡದೆ ಬರುತ್ತಾಳೆ.

ಮೊದಲು ತೀರ್ಮಾನ, ಆಮೇಲೆ ಲೆಕ್ಕ ಎಂದುಕೊಂಡೆ. ಅಂಗಡಿಯಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ.

ಒಡೆದರೆ ನೀಲಾಗೆ ಹೇಳುತ್ತೇನೆ. ಹೇಳದೆ ಇರಲಾಗದು. ಅವಳಿಗೆ ತಿಳಿಯಬೇಕು. ಅದನ್ನು ಕೇಳಿ ಕಣ್ಣರಳಿಸುವವರು ಈ ಊರಿನಲ್ಲಿ ಅವಳನ್ನು ಬಿಟ್ಟರೆ ಬೇರೆ ಇಲ್ಲ. ಆದರೆ ಕೊನೆಯ ಪೇಪರು ಬರೆದು, ಮನೆಗೆ ಬಂದು, ಕೈಕಾಲು ತೊಳೆದುಕೊಂಡ ಮೇಲೆ. ಅಲ್ಲಿಯ ತನಕ ನಿಜಲಿಂಗಪ್ಪನಿಗೂ ಹೇಳುವುದಿಲ್ಲ, ಶರೀಫಾಬಿಗಂತೂ ಇಲ್ಲವೇ ಇಲ್ಲ.

ಆಮೇಲೆ ಭಾಗಿಸಿದೆ. ಎರಡು ಸಲ ಹೋಗಿ ಎಪ್ಪತ್ತನಾಲ್ಕು. ಸೊನ್ನೆ ಇಳಿಸಿದೆ. ಒಂದು ಸಲ. ಸೊನ್ನೆ ಇಳಿಸಿದೆ. ಐದು ಸಲ. ಕೊನೆಯ ಮೂರು ಅವಸರದಲ್ಲಿ ಆರಿನಂತೆ ಮೂಡಿತು, ಸೆರಗಿನಿಂದ ಒರೆಸಿ ಮತ್ತೆ ಬರೆದೆ. ಒಂಬತ್ತು ಸಲ ಹೋಗಿ ಮುನ್ನೂರ ಎಂಬತ್ತಾರು ಉಳಿಯಿತು.

ಕೆಳಗೆ ಇನ್ನೊಮ್ಮೆ ಮಾಡಿದೆ. ಮುನ್ನೂರ ಎಂಬತ್ತಾರು.

ಪಾಟಿ ಒರೆಸಿಲ್ಲ. ಅವಳು ಪುಸ್ತಕ ಇಡುವ ಮಾಡಿನಲ್ಲಿ ಗೋಡೆಗೆ ಆನಿಸಿ ಇಟ್ಟಿದ್ದೇನೆ. ಬಂದ ಮೇಲೆ ನೋಡಲಿ. ತಪ್ಪಿದ್ದರೆ ತಿದ್ದಲಿ.